ಸಾಲಿಮನ ದೋಣಿಗೆ ಎಡಹುರಿ ಹಗ್ಗ

ಆಗ ನನಗೆ ಅರವತ್ತೇಳು. ಇದು ನಡೆದು ನಾಲ್ಕು ವರ್ಷವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಹೇಳಿ ಬರೆಸುತ್ತಿದ್ದೇನೆ. ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿ ರಸ್ತೆ ಚೆನ್ನಾಗಿದೆ, ಕಟ್ಟಡ ಎತ್ತರವಿದೆ ಎನ್ನುತ್ತಾರೆ. ರಸ್ತೆ ಚೆನ್ನಾಗಿತ್ತು. ಕಟ್ಟಡ ಎತ್ತರವಿತ್ತು. ಆ ಮಾತು ಅಲ್ಲಿಗೆ ಮುಗಿಯಿತು. ಇನ್ನು ಹಗ್ಗದ ವಿಷಯ.

ನೊಣವಿನಕೆರೆ

ನೊಣವಿನಕೆರೆಯಿಂದ ಎರಡು ಮೈಲಿ ಒಳಗೆ ನಮ್ಮ ಹಳ್ಳಿ. ನಾನು ಮತ್ತು ನನ್ನ ಓರಗಿತ್ತಿ ರುದ್ರಮ್ಮ ತೆಂಗಿನ ನಾರಿನ ಹಗ್ಗ ಹೊಸೆಯುವವರು. ಅವಳು ಕೂತು ರಾಟೆ ತಿರುಗಿಸುತ್ತಾಳೆ. ನಾನು ಮಡಿಲಿಗೆ ನಾರು ಕಟ್ಟಿಕೊಂಡು, ಬೆರಳ ಸಂದಿಯಲ್ಲಿ ನಾರು ಬಿಡುತ್ತಾ, ಅವಳ ಮುಖ ನೋಡಿಕೊಂಡು ಹಿಂದಕ್ಕೆ ನಡೆಯುತ್ತೇನೆ. ನಲವತ್ತು ವರ್ಷ ಹೀಗೆ. ನಮ್ಮ ಗಂಡಂದಿರ ಮುಖವನ್ನೂ ನಾವು ಇಷ್ಟು ನೋಡಿಲ್ಲ. ಅವರಿಬ್ಬರೂ ಹೋದರು. ಈ ಮುಖ ನೋಡುವುದು ಮಾತ್ರ ತಪ್ಪಲಿಲ್ಲ.

ಹಸುವಿನ ಕಣ್ಣಿ, ಬಾವಿ ಹಗ್ಗ, ತೊಟ್ಟಿಲ ಹಗ್ಗ ಎಲ್ಲವೂ ಬಲಹುರಿ. ರಾಟೆ ಬಲಕ್ಕೇ ತಿರುಗಬೇಕು. ಎಡಕ್ಕೆ ಹೊಸೆಯುವುದು ಒಂದೇ ಒಂದು ಕೆಲಸಕ್ಕೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೊತ್ತುಕೊಂಡು ಹೋಗಲು ಬಿದಿರಿನಲ್ಲಿ ಕಟ್ಟುತ್ತಾರಲ್ಲ, ವಿಮಾನ ಅನ್ನುತ್ತಾರೆ, ಅದನ್ನು ಬಿಗಿಯುವ ಹಗ್ಗ ಎಡಹುರಿ. ಅದಕ್ಕೆ ರುದ್ರಮ್ಮ ಯಾವತ್ತೂ ರಾಟೆ ಮುಟ್ಟಿದವಳಲ್ಲ. ಆರು ಮಾರು ಹಗ್ಗ, ಕಿರುಬೆರಳಿನ ದಪ್ಪ; ನಾನೇ ತೊಡೆಯ ಮೇಲೆ ಹೊಸೆದು ಕೊಡುತ್ತಿದ್ದೆ. ಸುತ್ತಲ ನಾಲ್ಕು ಹಳ್ಳಿಗೂ ನಾನೇ. ಬಾಗಿಲಾಚೆ ನಿಂತು ಕೊಟ್ಟು, ತಿರುಗಿ ನೋಡದೆ ಬಂದು, ತಲೆಗೆ ನೀರು ಹಾಕಿಕೊಳ್ಳಬೇಕು. ಕೂತ್ಕೊ ಎಂದು ಯಾವ ಮನೆಯವರೂ ಹೇಳಲಿಲ್ಲ. ಮಾರನೇ ದಿನ ಬೀದಿಯಲ್ಲಿ ಸಿಕ್ಕರೆ ಮುಖ ಆ ಕಡೆ ಮಾಡುತ್ತಿದ್ದರು, ನಾನೇ ಕೊಂದವಳ ಹಾಗೆ.

ಆಮೇಲೆ ನೈಲಾನ್ ಬಂತು. ಹಸುವಿನ ಕತ್ತು ಕುಯ್ದರೂ ನೈಲಾನ್. ಬಾವಿ ಮುಚ್ಚಿ ಬೋರು ತೆಗೆಸಿದರು. ಕೊನೆಗೆ ವಿಮಾನ ಬಿಗಿಯುವುದಕ್ಕೂ ಹಸಿರು ನೈಲಾನ್ ತಂದರು. ಸತ್ತವರಿಗೆ ಬಾಯಿಲ್ಲ, ಇದ್ದಿದ್ದರೆ ಬೈಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಬಂದವನು ಮಹಾಲಿಂಗಪ್ಪ. ತಿಪಟೂರಿನಲ್ಲಿ ಕೊಬ್ಬರಿ, ನಾರು ವ್ಯಾಪಾರ ಮಾಡುತ್ತಾನೆ. ಜಗಲಿಯ ಮೇಲೆ ಕೂತು, ನಾನು ಹೊಸೆದ ಹಗ್ಗವನ್ನು ಎಳೆದು ನೋಡಿ, ಮೂಸಿ ನೋಡಿ ಹೇಳಿದ:

"ಒಮಾನ್ ದೇಶದಾಗೆ ಒಬ್ಬ ಮುದುಕಂದು ಹಾಯಿ ದೋಣಿ ರಿಪೇರಿ ನಡೀತೈತೆ ಕಣಕ್ಕ. ಸಣ್ಣ ದೋಣಿ. ಹಾಯಿ ಹೊಸದು, ಹಗ್ಗ ಹೊಸದು. ಮೆಷಿನ್ ಹಗ್ಗ ಬ್ಯಾಡ, ಕೈಯಾಗೆ ಹೊಸ್ದಿದ್ದೇ ಆಗ್ಬೇಕು ಅಂತಾವ್ರೆ. ಒಂದು ತಿಂಗಳು ಹೋಗಿ ಹೊಸ್ಕೊಟ್ಟು ಬನ್ನಿ."

"ಇಲ್ಲೇ ಹೊಸ್ದು ಕೊಡ್ತೀನಿ, ಕಳಿಸು."

"ಅಳತೆ ಅಲ್ಲೇ ನೋಡ್ಬೇಕಕ್ಕ. ನಾರು ನಾನು ಮುಂಚೆನೇ ಕಳಿಸಿರ್ತೀನಿ."

"ಆ ದೋಣಿ ನೀರಿಗೆ ಹೋಯ್ತದಾ?"

"ಹೋಗ್ದೆ? ದೋಣಿ ಅಂದ್ಮೇಲೆ ನೀರಿಗೆ ತಾನೆ!"

ಈ ಮಾತು ನೆನಪಿರಲಿ. ನಾನು ಒಪ್ಪಿಕೊಂಡದ್ದು ಈ ಒಂದು ಮಾತಿಗೆ. ಹತ್ತು ವರ್ಷದಿಂದ ನನ್ನ ಹಗ್ಗ ಬೇಕು ಎಂದು ಯಾರೂ ಮನೆಗೆ ಬಂದಿರಲಿಲ್ಲ.

ರುದ್ರಮ್ಮ ಒಪ್ಪಲಿಲ್ಲ. "ನಮ್ಮಲ್ಲಿ ವಿಮಾನ ಹತ್ತೋದು ಒಂದೇ ಸಲ ಕಣೇ. ನಂಗಿನ್ನೂ ಟೈಮ್ ಐತೆ."

"ಇದು ರೆಕ್ಕೆ ಇರೋದು ಕಣೇ."

"ರೆಕ್ಕೆ ಇದ್ರೆ? ಹತ್ತಿದೋರು ಇಳೀತಾರಾ?"

"ಇಳಿದೇ ಇದ್ರೆ ನಾನೂ ಜೊತೆಗಿರ್ತೀನಿ, ಬಾ."

"ಅದೇ ನಂಗೆ ಭಯ," ಅಂದಳು. ಆದರೂ ಎರಡು ಸೀರೆ ಮಡಿಸಿಟ್ಟುಕೊಂಡಳು.

ನನ್ನ ಹಸುವನ್ನು ಪಕ್ಕದ ಮನೆಯ ನಂಜಮ್ಮನಿಗೆ ಒಪ್ಪಿಸಿ ಹೊರಟೆವು.

ಬೆಂಗಳೂರು, ಮೇಲೆ ಹತ್ತುವ ಮುಂಚೆ

ರಾಟೆಯನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿ ತಂದಿದ್ದೆವು. ತಪಾಸಣೆಯವನು ಗೋಣಿ ಬಿಚ್ಚಿಸಿ ಕಬ್ಬಿಣದ ಕೊಕ್ಕೆಗಳನ್ನು ಒಂದೊಂದಾಗಿ ಮೇಲೆತ್ತಿ ನೋಡಿದ. ಇದು ಏನು, ಇದು ಯಾಕೆ, ಇದರಲ್ಲಿ ಯಾರಿಗೆ ಚುಚ್ಚುತ್ತೀರಿ ಎಂದು ಕೇಳಿದ.

"ಹಗ್ಗದ ರಾಟೆ ಕಣಪ್ಪ," ಎಂದಳು ರುದ್ರಮ್ಮ. "ನಿಮ್ಮಮ್ಮಂಗೆ ಫೋನ್ ಮಾಡಿ ಕೇಳು, ಹೇಳ್ತಾಳೆ."

ಅವನು ಫೋನ್ ಮಾಡಲಿಲ್ಲ. ನಗಲೂ ಇಲ್ಲ. ಕೆಳಗೆ ಹೋಗುವ ಸಾಮಾನಿನ ಜೊತೆಗೆ ಹಾಕಿಸಿದ. ರುದ್ರಮ್ಮನ ರಾಗಿ ಹಿಟ್ಟನ್ನು ಮಾತ್ರ ಎರಡು ಸಲ ಮೂಸಿದ. ಹಿಟ್ಟು ಮೂಸಿ ನೋಡುವ ಸಂಬಳದವರೂ ಇದ್ದಾರೆ ಎಂದು ಅವತ್ತು ತಿಳಿಯಿತು.

ಒಳಗೆ ಕೂತ ಮೇಲೆ ಹೊಟ್ಟೆಗೆ ಪಟ್ಟಿ ಬಿಗಿದರು. ಬೆರಳಲ್ಲಿ ಉಜ್ಜಿ ನೋಡಿದೆ. ನೈಲಾನ್.

ಕಡಲ ಪಕ್ಕದ ಹೋಟೆಲು

ಮಸ್ಕತ್‌ನಲ್ಲಿ ಇಳಿದು, ಬೋಳು ಗುಡ್ಡಗಳ ನಡುವೆ ಕಾರಿನಲ್ಲಿ ಅರ್ಧ ದಿನ ಹೋದೆವು. ಒಂದು ಮರವಿಲ್ಲ, ಒಂದು ಮೇಕೆ ನಿಲ್ಲುವಷ್ಟು ನೆರಳಿಲ್ಲ. ಆಮೇಲೆ ಗುಡ್ಡ ಸರಿದು ಕಡಲು ಕಾಣಿಸಿತು. ನಾವಿಬ್ಬರೂ ಕಡಲು ನೋಡಿದ್ದು ಅದೇ ಮೊದಲು. ರುದ್ರಮ್ಮ ತುಂಬ ಹೊತ್ತು ನೋಡಿ, "ಇಷ್ಟು ನೀರು ಇಟ್ಕೊಂಡು ಒಂದು ತೆಂಗಿನ ಸಸಿ ಇಕ್ಕಿಲ್ಲವಲ್ಲ, ಎಂಥ ಸೋಮಾರಿ ಜನ," ಎಂದಳು.

"ಅದು ಉಪ್ಪು ನೀರು ಮಾರಾಯ್ರೇ," ಎಂದು ಅಲ್ಲಿಯವರೆಗೂ ನಿದ್ದೆ ಹೊಡೆಯುತ್ತಿದ್ದ ಮುಂದಿನ ಸೀಟಿನವನು ಕನ್ನಡದಲ್ಲಿ ಹೇಳಿದಾಗ ಇಬ್ಬರೂ ಬೆಚ್ಚಿದೆವು. ಅವನು ಇಸ್ಮಾಯಿಲ್, ಹೊನ್ನಾವರದ ಕಡೆಯವನು, ಹಾಯಿ ಹೊಲಿಯುವವನು. ಐವತ್ತು ದಾಟಿದವನು. ದೋಣಿಗೆ ಹೊಸ ಹಾಯಿ ಹೊಲಿಯಲು ಅವನನ್ನು ಕರೆಸಿದ್ದರು. ಅಲ್ಲಿನ ಅರಬ್ಬಿ ಮಾತು ಬಲ್ಲವನಾದ್ದರಿಂದ ಒಂದು ತಿಂಗಳು ನಮ್ಮ ಬಾಯಿ, ಕಿವಿ ಎರಡೂ ಅವನೇ. ಅವನ ಕನ್ನಡ ಅಂಗಡಿಯಿಂದ ತಂದ ಹೊಸ ಪಾತ್ರೆಯಂತೆ, ನಮ್ಮದಕ್ಕಿಂತ ಹೊಳಪು ಹೆಚ್ಚು.

ಕಡಲ ದಡದಲ್ಲಿ ಒಂದು ದೊಡ್ಡ ಹೋಟೆಲು. ಅದರ ಮುಂದೆ ಡೇರೆ ಹಾಕಿ, ಜಮಖಾನ ಹಾಸಿ, ರಾಟೆ ಇಡಲು ಜಾಗ ಮಾಡಿದ್ದರು. ಡೇರೆಯ ಪಕ್ಕದಲ್ಲಿ ದೊಡ್ಡ ಬೋರ್ಡು. ನಾವು ಹೊಸೆಯಲು ಕೂತೆವೋ ಇಲ್ಲವೋ, ಹೋಟೆಲಿನಲ್ಲಿ ಇಳಿದಿದ್ದ ಬಿಳಿ ಜನ, ಕರಿ ಜನ ಎಲ್ಲರೂ ಬಂದು ಫೋಟೋ ಹಿಡಿಯತೊಡಗಿದರು. ಒಬ್ಬಳು ಬಂದು ನನ್ನ ಕೆನ್ನೆ ಮುಟ್ಟಿದಳು. ನಮ್ಮೂರ ಸಂತೆಯಲ್ಲಿ ಎಮ್ಮೆಯನ್ನೂ ಕೊಳ್ಳುವ ಮನಸ್ಸಿದ್ದರೆ ಮಾತ್ರ ಮುಟ್ಟುತ್ತಾರೆ. ರುದ್ರಮ್ಮನಿಗೆ ಖುಷಿಯೋ ಖುಷಿ, ಸೆರಗು ಸರಿ ಮಾಡಿಕೊಂಡದ್ದೇ ಮಾಡಿಕೊಂಡದ್ದು.

ಮೂರನೇ ದಿನ ಇಸ್ಮಾಯಿಲ್‌ನನ್ನು ಕೇಳಿದೆ, ಬೋರ್ಡಿನಲ್ಲಿ ಏನಿದೆ ಎಂದು. ನಾನು ಕನ್ನಡವನ್ನೇ ಬೆರಳಿಟ್ಟು ಓದುವವಳು.

ಅವನು ಸ್ವಲ್ಪ ಕೆಮ್ಮಿದ. "ಕಡಲ ಹೆಂಗಸರು. ತಲೆತಲಾಂತರದಿಂದ ಹಡಗುಗಳಿಗೆ ಹಗ್ಗ ಹೊಸೆದ ಮನೆತನ. ಹಾಗೆ ಬರೆದದ್ದು."

"ಯಾರು ಹೇಳಿದ್ದು ಹಂಗಂತ?"

"ನಿಮ್ಮ ಏಜೆಂಟು ಹೇಳಿದ್ದಂತೆ."

ಅವನ ಫೋನಿನಲ್ಲೇ ತಿಪಟೂರಿಗೆ ಮಾಡಿಸಿದೆ. "ಏನ್ಲಾ ಮಹಾಲಿಂಗಪ್ಪ, ನಮ್ಮನ್ನ ಯಾವ ಕಡ್ಲಾಗೆ ಹುಟ್ಟಿಸಿದ್ದೀಯ?"

"ಅಯ್ಯೋ, ಬರ್ಕೊಂಡವ್ರೆ ಬುಡಕ್ಕ. ನಮ್ಮೂರ ಕೆರೇನೂ ನೀರೇ ತಾನೆ?"

"ದೋಣಿ ನೀರಿಗೆ ಹೋಯ್ತದೆ ಅಂದಿದ್ಯಲ್ಲ, ಅದಾದರೂ ನಿಜವಾ?"

ಮಹಾಲಿಂಗಪ್ಪ ಫೋನ್ ಇಟ್ಟುಬಿಟ್ಟ. ಇಸ್ಮಾಯಿಲ್ ನೆಲ ನೋಡುತ್ತಿದ್ದ. ಆಮೇಲೆ ಕರೆದುಕೊಂಡು ಹೋಗಿ ತೋರಿಸಿದ. ಹೋಟೆಲಿನ ಗೇಟಿನ ಪಕ್ಕ ಮರಳಿನಲ್ಲಿ ಒಂದು ಗುಂಡಿ ತೋಡಿ, ಸುತ್ತ ಇಟ್ಟಿಗೆ ಕಟ್ಟಿದ್ದರು. ದೋಣಿಯ ತಳ ಅದರಲ್ಲಿ ಕೂರಿಸಿ, ಮೇಲೆ ಹಾಯಿ ಬಿಚ್ಚಿ ಕಟ್ಟಿ, ದೀಪ ಹಾಕುತ್ತಾರಂತೆ. ಬಂದವರು ನೋಡಲಿಕ್ಕೆ.

"ಅಂದ್ರೆ ನಮ್ಮ ಹಗ್ಗ?"

"ನೋಡಲಿಕ್ಕೇ."

ನನಗೆ ಮೈ ಉರಿದುಹೋಯಿತು. ನೋಡುವುದಕ್ಕೆ ಹಗ್ಗ ಬೇಕಿದ್ದರೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನೇತು ಹಾಕಿರುತ್ತಾರೆ. ಮಡಿಲಿನ ನಾರನ್ನೆಲ್ಲ ಒದರಿ, ನಾಳೆಯೇ ಊರಿಗೆ ಕಳಿಸು ಎಂದೆ.

"ಸ್ವಲ್ಪ ತಡೀರಿ," ಎಂದ ಇಸ್ಮಾಯಿಲ್. "ದೋಣಿಯವನನ್ನು ಒಂದು ಸಲ ನೋಡಿ. ಆಮೇಲೆ ಬೇಕಾದರೆ ಹೋಗುವಿರಂತೆ."

ಸಾಲಿಮನ ಷೆಡ್ಡು

ದೋಣಿಯವನ ಹೆಸರು ಸಾಲಿಂ. ನನಗಿಂತ ಹಿರಿಯ, ಒಣಗಿದ ತೆಂಗಿನ ಗರಿಯ ಹಾಗಿದ್ದ. ದೋಣಿ ಅವನ ಅಪ್ಪನದು. ತಗಡಿನ ಷೆಡ್ಡಿನಲ್ಲಿ ಮೂವತ್ತು ವರ್ಷ ಮಲಗಿತ್ತಂತೆ. ರಿಪೇರಿಗೆ ಅವನ ಕೈಯಲ್ಲಿ ಏನೂ ಇರಲಿಲ್ಲ. ಹೋಟೆಲಿನವರು ಮಾಡಿಸುತ್ತೇವೆ ಎಂದು ಬಂದರು. ಮಾತು ಹೀಗೆ ಆಗಿತ್ತು. ಹಬ್ಬದ ಶುಕ್ರವಾರದ ಒಳಗೆ ಹಾಯಿ ಏರಿಸಿ, ಎದುರಿಗೆ ಕಾಣುವ ಬಂಡೆಯನ್ನು ಒಂದು ಸುತ್ತು ಹಾಕಿ ಬಂದರೆ ದೋಣಿ ನೀರಿನಲ್ಲೇ ಇರುತ್ತದೆ, ಸಾಲಿಂ ನಡೆಸಿಕೊಳ್ಳಬಹುದು. ಆಗದಿದ್ದರೆ ಗುಂಡಿಗೆ. ಆಗುವುದಿಲ್ಲ ಎಂದು ಹೋಟೆಲಿನ ಮ್ಯಾನೇಜರಿಗೆ ಖಾತ್ರಿ. ಅದಕ್ಕೇ ಗುಂಡಿ ಮೊದಲು ತೋಡಿಸಿದ್ದ.

ಬದುಕಿರುವವನಿಗೆ ಮುಂಚೆಯೇ ಗುಂಡಿ ತೋಡುವ ಜಾತಿಯ ಮನುಷ್ಯರು ನಮ್ಮ ಕಡೆಯೂ ಇದ್ದಾರೆ. ಅಂಥವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಉಳಿದೆ.

ಸಾಲಿಂ ಮೂಲೆಯಿಂದ ಹಳೆಯ ಹಗ್ಗದ ಸಿಂಬಿ ತಂದು ನನ್ನ ಕೈಯಲ್ಲಿಟ್ಟ. ಏನೋ ಹೇಳಿದ. ಇಸ್ಮಾಯಿಲ್ ಆಗ ಹೊರಗೆ ಹಾಯಿ ಬಟ್ಟೆ ಹರವುತ್ತಿದ್ದ. ನಾನು ಹಗ್ಗ ನೋಡಿದೆ. ಎಡಹುರಿ. ಹಾವು ಸಿಕ್ಕಿದಂತೆ ಕೆಳಗೆ ಹಾಕಿ, ಹೊರಗೆ ಹೋಗಿ ಕೈ ತೊಳೆದೆ. ಇವನ ಮನೆಯಲ್ಲಿ ಯಾರೋ ಸತ್ತಾಗ ಕಟ್ಟಿದ ಹಗ್ಗ, ಬಿಸಾಡದೆ ಇಟ್ಟುಕೊಂಡಿದ್ದಾನೆ, ಪಾಪ, ಕಣ್ಣು ಸರಿಯಿಲ್ಲ, ತಪ್ಪಿ ಕೊಟ್ಟಿದ್ದಾನೆ ಎಂದುಕೊಂಡೆ. ಅವನೂ ನನ್ನನ್ನು ನೋಡಿ, ಹಗ್ಗ ನೋಡಿ, ಕೈ ಕೊಳೆಯಾಯಿತೇನೋ ಎಂದು ಸುಮ್ಮನಾದ. ಇಸ್ಮಾಯಿಲ್‌ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಹಗ್ಗದ ವಿಷಯ ನಾನು ಯಾರನ್ನೂ ಕೇಳುವವಳಲ್ಲ.

ಹದಿನೈದು ದಿನ ಹೊಸೆದೆವು. ಡೇರೆಯಿಂದ ರಾಟೆ ಕಿತ್ತುಕೊಂಡು ಬಂದು ಷೆಡ್ಡಿನ ಹಿಂದೆ ನೆಟ್ಟೆವು, ಫೋಟೋದವರು ಬರದ ಹಾಗೆ. ಮ್ಯಾನೇಜರು ಕೂಗಾಡಿದ. ರುದ್ರಮ್ಮ ಅವನಿಗೆ ನಮ್ಮ ಭಾಷೆಯಲ್ಲಿ ಉತ್ತರ ಕೊಟ್ಟಳು, ಅದನ್ನು ಇಲ್ಲಿ ಬರೆಸಲಾಗದು. ಅರ್ಥವಾಗದಿದ್ದರೂ ಅವನು ಹೋದ.

ಸಾಲಿಂ ದೋಣಿಗೆ ಮೀನಿನ ಎಣ್ಣೆ ಬಳಿಯುತ್ತಿದ್ದ. ಆ ವಾಸನೆಗೆ ರುದ್ರಮ್ಮ ಎರಡು ದಿನ ಮುದ್ದೆ ಮುಟ್ಟಲಿಲ್ಲ. ಹಗ್ಗಕ್ಕೂ ಅದನ್ನೇ ಬಳಿಯಲು ಬಂದಾಗ ನಾನು ಅಡ್ಡ ನಿಂತೆ. "ನನ್ನ ಹಗ್ಗಕ್ಕೆ ಅದನ್ನ ಮುಟ್ಸಿದ್ರೆ ನಿನಗೇ ಬಳೀತೀನಿ," ಎಂದು ತಲೆಗೆ ಹಚ್ಚಲು ತಂದಿದ್ದ ಕೊಬ್ಬರಿ ಎಣ್ಣೆ ಸುರಿದೆ. ಅವನು ಮೂಸಿ ನೋಡಿ ನಕ್ಕ. ಆಮೇಲೆ ಅದರಲ್ಲಿ ಸ್ವಲ್ಪ ತನ್ನ ಗಡ್ಡಕ್ಕೂ ಹಚ್ಚಿಕೊಂಡ.

ಊಟ ಅವನು ದೂರದಲ್ಲಿ ಕೂತು ಮಾಡುತ್ತಿದ್ದ. ನಮ್ಮ ಹಾಗೇ ಬಲಗೈಯಲ್ಲಿ, ಐದು ಬೆರಳಲ್ಲಿ. ಅದನ್ನು ನೋಡಿಯೇ ನಾನು ಮೋಸ ಹೋದೆ.

ಹಾಯಿ ಅರ್ಧಕ್ಕೆ ನಿಂತ ದಿನ

ಶುಕ್ರವಾರಕ್ಕೆ ಇನ್ನು ಐದು ದಿನ ಇತ್ತು. ಪರೀಕ್ಷೆ ಮಾಡಿ ನೋಡೋಣ ಎಂದು ದೋಣಿಯನ್ನು ನೀರಿಗೆ ತಳ್ಳಿದರು. ಹೋಟೆಲಿನ ಜನವೆಲ್ಲ ದಡದಲ್ಲಿ. ಕಂಬದ ತುದಿಯಲ್ಲಿ ಒಂದು ಮರದ ಗಾಲಿ. ಅದರ ಮೇಲೆ ಹಾದು ಬರುವ ದಪ್ಪ ಹಗ್ಗ ಎಳೆದರೆ ಹಾಯಿ ಮೇಲೇರುತ್ತದೆ, ಬಾವಿಯಿಂದ ಕೊಡ ಏರಿದ ಹಾಗೆ. ಇಪ್ಪತ್ತು ಮಾರು ಉದ್ದ, ಹೆಬ್ಬೆರಳಿನ ದಪ್ಪ. ಅಂಥ ಹಗ್ಗವನ್ನು ನಾನು ಹಿಂದೆಂದೂ ಹೊಸೆದಿರಲಿಲ್ಲ. ನಾರಿನ ಕೂದಲು ಹೊರಬಂದಿರಲಿಲ್ಲ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಇರಲಿಲ್ಲ.

ಸಾಲಿಂ ಹಗ್ಗವನ್ನು ಕಾಲ ಬಳಿ ಸಿಂಬಿ ಸುತ್ತಿಟ್ಟುಕೊಂಡಿದ್ದ. ಎಳೆದ. ಹಾಯಿ ಅರ್ಧಕ್ಕೆ ಏರಿತು. ಗಾಳಿ ತುಂಬಿತು. ಅಷ್ಟರಲ್ಲಿ ಕೆಳಗಿನ ಸಿಂಬಿ ತನ್ನ ಮೇಲೇ ತಾನು ಹೆಣೆದುಕೊಂಡು, ಗಂಟುಗಂಟಾಗಿ ಎದ್ದು, ಒಂದು ಗಂಟು ಗಾಲಿಗೆ ಸಿಕ್ಕಿ ನಿಂತುಬಿಟ್ಟಿತು. ಹಾಯಿ ಮೇಲೂ ಹೋಗದು, ಕೆಳಗೂ ಬಾರದು. ದೋಣಿ ಪಕ್ಕಕ್ಕೆ ವಾಲಿತು. ಸಾಲಿಂ ಎದೆಮಟ್ಟದ ನೀರಿಗೆ ಬಿದ್ದ. ದಡದಲ್ಲಿದ್ದವರು ನಕ್ಕರು, ಫೋಟೋ ಹಿಡಿದರು. ಮ್ಯಾನೇಜರು ಗುಂಡಿಯ ಕಡೆ ಕೈ ತೋರಿಸಿ ಆಳುಗಳಿಗೆ ಏನೋ ಹೇಳಿದ.

ನಾನು ಮೊಣಕಾಲು ನೀರಿಗೆ ಇಳಿದು ಕೂಗಿದೆ: "ಹಗ್ಗದ ಸಿಂಬಿ ಸುತ್ತೋಕೆ ಬರಲ್ವೇನಯ್ಯ ನಿಂಗೆ? ಎಡಕ್ಕೆ ಸುತ್ತಿದೀಯಲ್ಲ! ಬಲಹುರಿ ಹಗ್ಗ ಬಲಕ್ಕೆ ಸುತ್ತಬೇಕು! ನಮ್ಮೂರ ಹೋರಿಗೂ ಗೊತ್ತು!"

ಇಸ್ಮಾಯಿಲ್ ಅದನ್ನು ಹೇಳಿದನೋ, ಹೋರಿಯನ್ನು ಬಿಟ್ಟು ಹೇಳಿದನೋ. ಸಾಲಿಂ ನೀರು ಕೊಡವಿಕೊಂಡು ಎಡಗೈ ಮೇಲೆತ್ತಿ ತೋರಿಸಿದ.

"ಅವ ಎಡಚ," ಎಂದ ಇಸ್ಮಾಯಿಲ್. "ಹಗ್ಗ ಎಡಕ್ಕೇ ಸುತ್ತುವುದು. ಅದಕ್ಕೇ ಅವನ ಹಗ್ಗ ಎಡಹುರಿ. ನಿಮಗೆ ಮೊದಲ ದಿನವೇ ತೋರಿಸಿದ್ದೆ ಅಂತಾನೆ. ನೀವು ಕೈ ತೊಳೆದಿರಂತೆ."

ಸಾಲಿಂ ಚಿಕ್ಕಂದಿನಲ್ಲಿ ಎಡಗೈಗೆ ಏಟು ತಿಂದು ತಿಂದು ಊಟಕ್ಕೆ ಬಲಗೈ ಕಲಿತನಂತೆ. ದೋಣಿಯ ಮೇಲೆ ಮಾತ್ರ ಬಲಗೈ ಬರಲಿಲ್ಲ. ಅವನಪ್ಪ ಹೊಡೆದು ಹೊಡೆದು ಸಾಕಾಗಿ, ಕೊನೆಗೆ ಹಗ್ಗವನ್ನೇ ಎಡಕ್ಕೆ ಹೊಸೆದನಂತೆ.

ನಮ್ಮೂರಿನಲ್ಲೂ ಎಡಚ ಮಕ್ಕಳಿಗೆ ಬರೆ ಹಾಕಿದ್ದಾರೆ. ಹಗ್ಗ ತಿರುಗಿಸಿದ ಅಪ್ಪನನ್ನು ನಾನು ಕಂಡಿಲ್ಲ.

ರಾಟೆಯ ಆ ಕಡೆ

ಇಪ್ಪತ್ತು ಮಾರು, ನಾಲ್ಕು ದಿನ. ಉಳಿದ ಹಗ್ಗಗಳು ಕಟ್ಟಿದಲ್ಲೇ ಇರುವವು, ಸುತ್ತಿ ಎಳೆಯುವ ಈ ಒಂದನ್ನು ಮಾತ್ರ ಹೊಸದಾಗಿ ಎಡಕ್ಕೆ ಹೊಸೆಯಬೇಕು. ಇಷ್ಟು ದಪ್ಪದ್ದು ತೊಡೆಯ ಮೇಲೆ ಆಗುವ ಕೆಲಸವಲ್ಲ, ರಾಟೆಯೇ ಬೇಕು. ರುದ್ರಮ್ಮನಿಗೆ ಹೇಳಿದೆ. ಅವಳು ಎಲೆಯಡಿಕೆ ಉಗಿದಳು.

"ಆಗಲ್ಲ."

"ಯಾಕಾಗಲ್ಲ?"

"ಯಾಕೆ ಅಂತ ನಿಂಗೊತ್ತಿಲ್ವಾ? ಬದುಕಿರೋ ಮನುಷ್ಯಂಗೆ ಎಡಹುರಿ ಹೊಸೀತಾರೇನೇ? ಅವನು ನಿಂಗೇನು ಮಾಡಿದ್ದ?"

"ಅವನೇ ಕೇಳ್ತಾವ್ನೆ ಕಣೇ!"

"ವಿಷ ಕೇಳಿದ್ರೆ ಕೊಡ್ತೀಯಾ?"

"ಅವನ ದೋಣೀನ ಹೂಳ್ತಾವ್ರೆ ರುದ್ರಿ. ನಮ್ಮ ಕೈಯಿಂದ."

"ನಿನ್ನ ಕೈಯಿಂದ. ನಂಗೆ ಬಲಕ್ಕೆ ಅಂದೆ, ಬಲಕ್ಕೆ ತಿರುಗಿಸಿದೆ. ನಲವತ್ತು ವರ್ಷ ನೀನು ಊರಿಗೆಲ್ಲ ಹೆಣದ ಹಗ್ಗ ಹೊಸ್ದೆ, ನಾನು ಮುಟ್ಟಲಿಲ್ಲ. ನನ್ನ ಗಂಡಂಗೂ ಮುಟ್ಟಲಿಲ್ಲ. ಈಗ ಯಾವನೋ ಸಾಬ್ರಿಗೆ ಮುಟ್ಲಾ?"

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳ ತವರುಮನೆಯನ್ನೂ ಬಿಡಲಿಲ್ಲ. ಸಾಲಿಂ ನಡುವೆ ಬಂದು, ಯಾಕೆ ಜಗಳ ಎಂದು ಕೇಳಿಸಿದ. ಇಸ್ಮಾಯಿಲ್ ಹೇಳಿದ. ಸಾಲಿಂ ಒಂದು ಪ್ರಶ್ನೆ ಕೇಳಿದ.

"ಸತ್ತವರಿಗೆ ಎಡ ಯಾಕೆ ಅಂತ ಕೇಳ್ತಾನೆ."

"ಯಾಕೆ ಅಂತ ಯಾರೂ ಹೇಳಿಲ್ಲ," ಎಂದೆ. "ನಾನೂ ಕೇಳಿಲ್ಲ."

ಸಾಲಿಂ ತಾನೇ ರಾಟೆಯ ಮುಂದೆ ಕೂತ. ಎಡಗೈಯಲ್ಲಿ ಹಿಡಿ ಹಿಡಿದು ತಿರುಗಿಸಿದ. ನಾನು ನಾರು ಬಿಡುತ್ತಾ ಹಿಂದಕ್ಕೆ ನಡೆದೆ. ದೋಣಿ ನಡೆಸುವ ಕೈಗೆ ರಾಟೆ ಬರುತ್ತದೆಯೆ? ಒಮ್ಮೆ ಜೋರು, ಒಮ್ಮೆ ನಿಧಾನ. ಎಳೆ ಒಂದು ಕಡೆ ತಂತಿಯಂತೆ, ಒಂದು ಕಡೆ ಹುಲ್ಲಿನಂತೆ. ಮೂರು ಸಲ ಹರಿಯಿತು. ನಾನು ಕನ್ನಡದಲ್ಲಿ ಬೈದೆ, ಅವನು ಅರಬ್ಬಿಯಲ್ಲಿ ಬೈದ. ಒಂದು ದಿನ ಪೂರ್ತಿ ಹೀಗೇ ಹಾಳಾಯಿತು. ಆ ಕಡೆ ಆಳುಗಳು ಗುಂಡಿಯ ಇಟ್ಟಿಗೆಗೆ ಸುಣ್ಣ ಹೊಡೆಯುತ್ತಿದ್ದರು.

ಮಾರನೇ ದಿನ ರುದ್ರಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು. ಕೈ ತಾನಾಗಿ ಆಡುತ್ತಿತ್ತು. ನಾಲ್ಕನೇ ಎಳೆ ಹರಿದಾಗ ಎದ್ದು ಬಂದಳು.

"ಅಯ್ಯೋ ಏಳಪ್ಪ ಅತ್ಲಾಗೆ. ನಾರೆಲ್ಲ ಹಾಳು ಮಾಡ್ತೀಯ."

ಅವನನ್ನು ಎಬ್ಬಿಸಿದಳು. ಕೂರಲಿಲ್ಲ. ರಾಟೆಯನ್ನು ಒಂದು ಸುತ್ತು ಹಾಕಿ ನೋಡಿದಳು. ಹಿಡಿಯನ್ನು ಈ ಕಡೆಯಿಂದ ಕಿತ್ತು, ಅಚ್ಚಿನ ಆ ಕಡೆಯ ತುದಿಗೆ ಸಿಕ್ಕಿಸಿದಳು. ಆಮೇಲೆ ಆ ಕಡೆಗೆ ಹೋಗಿ, ಎಳೆಗಳ ಕೆಳಗೆ ತಲೆ ತಗ್ಗಿಸಿ, ನನಗೆ ಬೆನ್ನು ಹಾಕಿ ಕೂತಳು. ಹಿಡಿಯನ್ನು ಬಲಕ್ಕೆ ತಿರುಗಿಸಿದಳು, ಎಂದಿನ ಹಾಗೇ. ಆ ಕಡೆ ಕೂತು ಬಲಕ್ಕೆ ತಿರುಗಿಸಿದರೆ, ಈ ಕಡೆ ಕೂತು ಎಡಕ್ಕೆ ತಿರುಗಿಸಿದ ಹಾಗೇ. ಎಳೆ ಎಡಕ್ಕೆ ಹುರಿಗೊಂಡಿತು.

"ನನ್ನ ಕೈ ಬಲಕ್ಕೇ ತಿರುಗ್ತೈತೆ," ಎಂದಳು, ತಿರುಗಿ ನೋಡದೆ. "ಹಗ್ಗ ಯಾವ ಕಡೆ ಹೋಯ್ತದೋ ನಾನು ಕಂಡಿಲ್ಲ. ನೀನುಂಟು ನಿನ್ನ ಹಗ್ಗ ಉಂಟು."

ನಾನು ಹಿಂದಕ್ಕೆ ನಡೆದೆ. ಎರಡೂವರೆ ದಿನ ಅವಳ ಬೆನ್ನು ನೋಡಿಕೊಂಡು ಹೊಸೆದೆ. ನಲವತ್ತು ವರ್ಷದಲ್ಲಿ ಅವಳ ಬೆನ್ನು ಅಷ್ಟು ಬಗ್ಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಶುಕ್ರವಾರ

ಹಗ್ಗ ಹೊಸೆದವರು ದೋಣಿಯಲ್ಲಿ ಕೂರಬೇಕು ಎಂದು ಸಾಲಿಂ ಹಟ ಹಿಡಿದ. ನ್ಯಾಯವಾದ ಮಾತೇ. ಹರಿದರೆ ಕಂಬ ಮೊದಲು ನನ್ನ ತಲೆಯ ಮೇಲೆ ಬೀಳಲಿ. ರುದ್ರಮ್ಮ ಬರಲಿಲ್ಲ. "ಒಂದು ವಿಮಾನ ಹತ್ತಿಳಿದಿದ್ದೇ ಸಾಕು," ಎಂದು ದಡದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಳು.

ಇಸ್ಮಾಯಿಲ್ ಹೊಲಿದ ಹಾಯಿ, ನಮ್ಮ ಹಗ್ಗ. ಸಾಲಿಂ ಸಿಂಬಿಯನ್ನು ಎಡಕ್ಕೆ ಸುತ್ತಿಟ್ಟ. ಹಗ್ಗ ಒಂದರ ಮೇಲೊಂದು ಬಿಲ್ಲೆಯಂತೆ ಕೂತಿತು. ಎಳೆದ. ಎಡಗೈ ಮೇಲೆ, ಬಲಗೈ ಕೆಳಗೆ. ಕೊಬ್ಬರಿ ಎಣ್ಣೆ ಕುಡಿದ ಹಗ್ಗ ಗಾಲಿಯ ಮೇಲೆ ಕಿರ್ ಅಂತು, ಅಷ್ಟೇ. ಹಾಯಿ ಅರ್ಧ ದಾಟಿತು. ಮುಕ್ಕಾಲಾಯಿತು. ತುದಿ ಮುಟ್ಟಿ ತುಂಬಿಕೊಂಡು ನಿಂತಿತು. ದೋಣಿ ಒಮ್ಮೆಲೇ ಎಳೆದುಕೊಂಡು ಹೊರಟಿತು.

ಕಡಲು ಹೇಗಿತ್ತು ಎಂದು ಕೇಳುವವರಿಗೆ ಹೇಳುತ್ತೇನೆ. ನಾನು ಕಡಲು ನೋಡಲಿಲ್ಲ. ಹಗ್ಗ ನೋಡುತ್ತಿದ್ದೆ. ನಡುವೆ ಎರಡು ಸಲ ವಾಂತಿ ಮಾಡಿದೆ, ಆಗಲೂ ಒಂದು ಕಣ್ಣು ಹಗ್ಗದ ಮೇಲೆ. ಬಂಡೆ ಸುತ್ತುವಾಗ ಗಾಳಿ ಎದುರಾಗಿ ಸಾಲಿಂ ಹಗ್ಗ ಸಡಿಲಿಸಿ ಮತ್ತೆ ಎಳೆದ, ಸಡಿಲಿಸಿ ಮತ್ತೆ ಎಳೆದ. ಒಂದು ಗಂಟು ಬೀಳಲಿಲ್ಲ. ದಡಕ್ಕೆ ಬಂದ ಮೇಲೂ ಅವನು ಇಳಿಯದೆ ಕೂತಿದ್ದ.

ಮ್ಯಾನೇಜರು ಬಂದು ಎಲ್ಲರ ಕೈ ಕುಲುಕಿದ, ಮೊದಲಿನಿಂದಲೂ ಇದೇ ಬೇಕಿತ್ತು ಎನ್ನುವ ಹಾಗೆ. ನಾನು ಕೈ ಕೊಡಲಿಲ್ಲ. ಸಂಜೆಗೆ ಆ ಗುಂಡಿಯಲ್ಲಿ ಒಂದು ಖರ್ಜೂರದ ಗಿಡ ನೆಟ್ಟಿದ್ದರು. ಬೋರ್ಡು ಮಾತ್ರ ತೆಗೆದಿರಲಿಲ್ಲ. ರುದ್ರಮ್ಮ ಅದರ ಮೇಲೆ ಒಗೆದ ಲಂಗ ಒಣಹಾಕಿದಳು.

ಹೊರಡುವ ದಿನ ಸಾಲಿಂ ಉಳಿದಿದ್ದ ಎರಡು ಮಾರು ಹಗ್ಗವನ್ನು ಕತ್ತರಿಸಿ, ಎರಡು ತುದಿಗೂ ನೂಲು ಸುತ್ತಿ ನನಗೆ ಕೊಡಲು ಬಂದ. ಎಡಗೈಯಲ್ಲಿ ಚಾಚಿದವನು, ನೆನಪಾಗಿ ತಡೆದು, ಬಲಗೈಗೆ ಬದಲಿಸಲು ಹೋದ.

"ಅದ್ರಾಗೇ ಕೊಡು," ಎಂದೆ. ನಾನೂ ಎಡಗೈಯಲ್ಲೇ ಇಸಿದುಕೊಂಡೆ.

ಊರು

ತಿಪಟೂರಿನಿಂದ ನೊಣವಿನಕೆರೆಗೆ ಬರುವ ಬಸ್ಸಿನಲ್ಲೇ ರುದ್ರಮ್ಮ ಕಥೆ ಶುರು ಮಾಡಿದಳು. ಊರು ಮುಟ್ಟುವುದರೊಳಗೆ ಎಲ್ಲರಿಗೂ ಗೊತ್ತಾಗಿತ್ತು, ನಾನು ಬದುಕಿರುವ ಮನುಷ್ಯನಿಗೆ ಎಡಹುರಿ ಹೊಸೆದುಕೊಟ್ಟು ಬಂದಿದ್ದೇನೆ ಎಂದು. "ನಾನು ಬಲಕ್ಕೇ ತಿರುಗಿಸಿದ್ದು ಕಣ್ರೀ, ದೇವರಾಣೆ," ಎಂದು ಅವಳು ಆಣೆ ಇಡುತ್ತಿದ್ದಳು. ಸುಳ್ಳಲ್ಲ. ಆದರೂ ಅವಳ ಜುಟ್ಟು ಹಿಡಿದು ಬಸ್ಸಿನಿಂದ ಕೆಳಗೆ ಹಾಕೋಣ ಎನ್ನಿಸಿತು.

ಮನೆಯ ಮುಂದೆ ನಂಜಮ್ಮ ಕೈಕಟ್ಟಿ ನಿಂತಿದ್ದಳು. ನಾನು ಚೀಲದಿಂದ ಹಗ್ಗ ತೆಗೆದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದಳು.

"ಅದನ್ನ ಮನೆ ಒಳಿಕ್ಕೆ ತರಬೇಡ ಕಣವ್ವ. ಕೆರೆ ಆಚೆ ಬಿಸಾಕಿ ಸ್ನಾನ ಮಾಡ್ಕೊಂಡು ಬಾ. ಊರಾಗೆ ಮಕ್ಕಳುಮರಿ ಅವೆ."

"ನಿಮ್ಮತ್ತೆ ಹೋದಾಗ ಇಂಥದ್ದೇ ಹೊಸ್ಕೊಡು ಅಂತ ಓಡ್ಬಂದಿದ್ದೆ ನೀನು."

"ಅದು ಬೇರೆ."

"ಅವತ್ತು ಕೂತ್ಕೊ ಅಂತ ಅಂದ್ಯಾ?"

ನಾನು ಕೊಟ್ಟಿಗೆಗೆ ಹೋದೆ. ಹಸುವಿನ ಕೊರಳಲ್ಲಿ ಹಸಿರು ನೈಲಾನ್. ನನ್ನ ಹಳೆಯ ಕಣ್ಣಿ ಮಳೆಗೆ ನೆನೆಯಿತೆಂದು ಬಿಚ್ಚಿ ಒಲೆಗೆ ಹಾಕಿ, ಇದನ್ನು ಕಟ್ಟಿದ್ದಳಂತೆ. ಒಂದು ತಿಂಗಳಿಗೆ ಕೊರಳ ಸುತ್ತ ಕೂದಲು ಹೋಗಿ, ಬಳೆಯಷ್ಟು ಅಗಲ ಹುಣ್ಣಾಗಿ, ನೊಣ ಕೂತಿತ್ತು. ಅವತ್ತು ಕೊಬ್ಬರಿ ಎಣ್ಣೆ ಅರಿಶಿನ ಹಚ್ಚಿ, ಹಸುವನ್ನು ಬಿಚ್ಚಿಯೇ ಬಿಟ್ಟು ಮಲಗಿದೆ.

ಮಾರನೇ ದಿನ ಬೆಳಿಗ್ಗೆ ನೈಲಾನನ್ನು ಕುಡುಗೋಲಿನಲ್ಲಿ ತುಂಡು ತುಂಡು ಮಾಡಿ ನಂಜಮ್ಮನ ಜಗಲಿಯ ಮೇಲೆ ಇಟ್ಟೆ. ಸಾಲಿಮನ ಎರಡು ಮಾರು ಎಡಹುರಿಯನ್ನು ಹಸುವಿನ ಕೊರಳಿಗೆ, ಹುಣ್ಣು ತಪ್ಪಿಸಿ, ಕಟ್ಟಿದೆ. ಹಿಡಿದುಕೊಂಡು ಬೀದಿಯ ನಡುವೆ ಹೊರಟೆ. ಬಾಗಿಲು ಬಾಗಿಲಿಗೂ ಜನ ನಿಂತು ನೋಡಿದರು. ರುದ್ರಮ್ಮ ಪಾತ್ರೆ ಬೆಳಗುತ್ತಿದ್ದವಳು ಎದ್ದು, ಬೂದಿಗೈಯಲ್ಲೇ ಬಂದು, ಹಸುವಿನ ಕೊರಳನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿದಳು.

"ಗಂಟು ಸಡಿಲ ಐತೆ ಕಣೇ," ಎಂದಳು. "ಬಿಗಿ ಮಾಡು, ಬಿಚ್ಕೊಂಡಾತು."

ಬಿಗಿ ಮಾಡಿ, ಕೆರೆಯ ಕಡೆ ಮೇಯಲು ಹೊಡೆದುಕೊಂಡು ಹೋದೆ.